ತುತ್ತು ಇಳಿಯುವಷ್ಟು ಹೊತ್ತು

ಆಸ್ಪತ್ರೆಯಿಂದ ಬಿಡುಗಡೆಯಾದರೂ ಮನೆಗೆ ಹೋಗುವಷ್ಟು ತ್ರಾಣ ಬಾರದವರು ಬಂದು ಇರುವ ಜಾಗ ಅದು. ಸೊಂಟ ಮುರಿದವರು, ಪಾರ್ಶ್ವವಾಯು ಬಡಿದವರು, ದೊಡ್ಡ ಆಪರೇಷನ್ ಆಗಿ ಕಾಲಿನ ಬಲ ಕಳೆದುಕೊಂಡವರು ಅಲ್ಲಿ ಮೂರು ವಾರವೋ ಐದು ವಾರವೋ ಇದ್ದು, ನಡೆಯುವುದನ್ನು, ನುಂಗುವುದನ್ನು, ಅಂಗಿಯ ಗುಂಡಿ ಹಾಕಿಕೊಳ್ಳುವುದನ್ನು ಮತ್ತೆ ಕಲಿತು ಮನೆಗೆ ಹೋಗುತ್ತಿದ್ದರು. ಎರಡು ಮಹಡಿ, ನಲವತ್ತು ಹಾಸಿಗೆ. ಗೋಡೆಯುದ್ದಕ್ಕೂ ಹಿಡಿದು ನಡೆಯಲು ಮರದ ಕಂಬಿ. ಜನ ಅದನ್ನು ಚೇತರಿಕೆ ಮನೆ ಎನ್ನುತ್ತಿದ್ದರು.

ಅಲ್ಲಿಯ ಮುಖ್ಯ ನರ್ಸನ್ನು ರೋಗಿಗಳಿಂದ ಹಿಡಿದು ಆಂಬುಲೆನ್ಸ್ ಓಡಿಸುವವರವರೆಗೆ ಎಲ್ಲರೂ ದೊಡ್ಡಕ್ಕ ಎಂದೇ ಕರೆಯುತ್ತಿದ್ದರು. ಇಪ್ಪತ್ತೆರಡು ವರ್ಷದ ನೌಕರಿ. ಗಂಡ ತೀರಿಕೊಂಡಿದ್ದ, ಒಬ್ಬಳೇ ಮಗಳನ್ನು ಒಬ್ಬ ದರ್ಜಿಯ ಮನೆಗೆ ಕೊಟ್ಟಿದ್ದಳು. ಈಗ ತಂಗಿಯ ಜೊತೆ ಇದ್ದಳು. ತಂಗಿಯೂ ನರ್ಸೇ, ಅದೇ ರಸ್ತೆಯ ಇನ್ನೊಂದು ತುದಿಯ ದೊಡ್ಡ ಆಸ್ಪತ್ರೆಯಲ್ಲಿ.

ಚೇತರಿಕೆ ಮನೆಯನ್ನು ಕಟ್ಟಿದ ಡಾಕ್ಟರು ಹಠಮಾರಿ ಮುದುಕ. ಊಟದ ಹೊತ್ತಿನಲ್ಲಿ ಅವರೂ ಬಂದು ಯಾವುದಾದರೂ ಹಾಸಿಗೆಯ ಪಕ್ಕ ಸ್ಟೂಲ್ ಎಳೆದುಕೊಂಡು ಕೂರುತ್ತಿದ್ದರು. ಅವರು ಹೋದ ಮೇಲೆ ಮಕ್ಕಳಿಗೆ ಅದನ್ನು ನಡೆಸುವ ಮನಸ್ಸಿರಲಿಲ್ಲ. ಇಂಥವೇ ಹದಿನೆಂಟು ಮನೆಗಳಿದ್ದ ಒಂದು ಕಂಪನಿಗೆ ಮಾರಿದರು. ಇದು ಹತ್ತೊಂಬತ್ತನೆಯದಾಯಿತು.

ಕಂಪನಿ ಮೊದಲು ಗೋಡೆಗಳಿಗೆ ಬಣ್ಣ ಹೊಡೆಸಿತು. ಪ್ರತಿ ಕೋಣೆಗೆ ಟಿವಿ ಬಂತು, ಹೊರಗಿನ ಬಾಗಿಲಿಗೆ ದಪ್ಪ ಗಾಜು ಬಂತು. ವ್ಯಾಯಾಮದ ಕೋಣೆಗೆ ಎರಡು ಹೊಸ ಯಂತ್ರ ಬಂದವು. ಆಮೇಲೆ ಊಟ ಮಾಡಿಸುವ ಎಂಟು ಹೆಂಗಸರಲ್ಲಿ ಐವರಿಗೆ ನಾಳೆಯಿಂದ ಬರಬೇಡಿ ಎಂದರು. ಅವರು ಯಾವ ಕೋರ್ಸೂ ಮಾಡಿದವರಲ್ಲ. ಪಾರ್ಶ್ವವಾಯು ಆದವನನ್ನು ನೆಟ್ಟಗೆ ಕೂರಿಸಿ, ಗದ್ದ ಎದೆಯ ಕಡೆ ಬಾಗಿಸಿ, ಅರ್ಧ ಚಮಚ ಬಾಯಿಗಿಟ್ಟು, ಗಂಟಲಮಣಿ ಮೇಲೆದ್ದು ಇಳಿಯುವವರೆಗೆ ಕಾಯುವುದು ಅವರಿಗೆ ಗೊತ್ತಿತ್ತು. ಇಳಿಯಿತು ಎನಿಸಿದ ಮೇಲೆ 'ಆ' ಎನ್ನಿಸಿ ದನಿ ಕೇಳುತ್ತಿದ್ದರು. ದನಿ ಒಣಗಿದ್ದರೆ ಮುಂದಿನ ತುತ್ತು. ಗೊರಗೊರ ಎಂದರೆ ನಿಲ್ಲಿಸಬೇಕು. ತುತ್ತು ದಾರಿ ತಪ್ಪಿದೆ ಎಂದೇ ಅರ್ಥ. ಹೀಗೆ ಒಂದು ಬಟ್ಟಲು ಮುಗಿಯಲು ಮುಕ್ಕಾಲು ಗಂಟೆ. ಈಗ ಮಧ್ಯಾಹ್ನದ ಊಟಕ್ಕೆ ಹನ್ನೆರಡೂವರೆಯಿಂದ ಒಂದರವರೆಗೆ ಅಂತ ಹೊತ್ತು ಗೊತ್ತುಮಾಡಿದ್ದರು, ಒಂದಕ್ಕೆ ವ್ಯಾಯಾಮದ ಕೋಣೆ ತುಂಬಬೇಕಾಗಿತ್ತು. ಕಂಪನಿಗೆ ಆದಾಯ ಬರುತ್ತಿದ್ದುದು ಅಲ್ಲಿಂದ.

"ಊಟಕ್ಕಿಲ್ಲದ ಉಪ್ಪಿನಕಾಯಿ ಯಾತಕ್ಕೆ ಅನ್ನೋ ಗಾದೆ ಕೇಳಿದ್ದೆ," ಎಂದ ಅಡುಗೆಯವನು, ಹೊಸ ಟಿವಿ ನೋಡುತ್ತ. "ಈಗ ಕಣ್ಣಾರೆ ನೋಡ್ದೆ."

ದೊಡ್ಡಕ್ಕ ಒಮ್ಮೆ ಮ್ಯಾನೇಜರನ ಹತ್ತಿರ ಹೋಗಿ ಆ ಐವರನ್ನು ವಾಪಸ್ ಕರೆಸಿ ಎಂದಳು. ಅವನು ವಿನಯವಂತ, ದನಿ ಏರಿಸಿದವನಲ್ಲ. "ಹತ್ತೊಂಬತ್ತು ಮನೆಗೂ ಒಂದೇ ಪಟ್ಟಿ, ದೊಡ್ಡಕ್ಕ. ನಲವತ್ತು ಹಾಸಿಗೆಗೆ ಮೂವರು. ನನ್ನ ಕೈಲಿಲ್ಲ," ಎಂದ. ಅವಳು ವಾರ್ಡಿಗೆ ಮರಳಿದಳು. ಮತ್ತೆ ಹೋಗಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಅಕ್ಕತಂಗಿಯರು ತಾರಸಿಯಲ್ಲಿ ಸಮವಸ್ತ್ರ ಒಣಹಾಕುತ್ತಿದ್ದರು.

"ಅಕ್ಕಾ, ಒಂದು ಮಾತು ಕೇಳ್ತೀನಿ, ಸಿಟ್ಟಾಗಬೇಡ," ಎಂದಳು ತಂಗಿ.

"ಸಿಟ್ಟು ಬರೋ ಮಾತಾದ್ರೆ ತಿಂಡಿ ಆದ್ಮೇಲೆ ಕೇಳು."

"ನಿಮ್ಮಲ್ಲಿಗೆ ಕಳಿಸಿದವರು ತಿಂಗಳೊಳಗೆ ನಮ್ಮ ವಾರ್ಡಿಗೇ ವಾಪಸ್ ಬರ್ತಿದ್ದಾರೆ. ಮೊದಲು ಹತ್ತರಲ್ಲಿ ಒಬ್ಬರು ಬರ್ತಿದ್ರು. ಈಗ ಮೂವರು."

"ವಯಸ್ಸಾದವರು. ಬರ್ತಾರೆ."

"ಮೊದಲೂ ವಯಸ್ಸಾದವರೇ ಇದ್ರಲ್ಲ. ಬಂದವರಲ್ಲಿ ಹೆಚ್ಚಿನವರಿಗೆ ಎದೇಲಿ ನಂಜು. ಬಲಗಡೆ ಶ್ವಾಸಕೋಶದ ತಳದಲ್ಲಿ. ತಿಂದಿದ್ದು ದಾರಿ ತಪ್ಪಿದ್ರೆ ಎಲ್ಲಿ ಹೋಗಿ ಕೂರುತ್ತೆ ಅಂತ ನಿನಗೆ ನಾನು ಹೇಳ್ಕೊಡಬೇಕಾ?"

"ನಿಮ್ಮವರು ಹಾಸಿಗೆ ಖಾಲಿ ಮಾಡೋಕೆ ಅರೆಬೆಂದವರನ್ನ ನಮ್ಮ ತಲೆಗೆ ಕಟ್ತೀರಿ. ಆಮೇಲೆ ತಪ್ಪೆಲ್ಲ ನಮ್ಮದು."

ತಂಗಿ ಒಂದು ಒದ್ದೆ ಬಟ್ಟೆಯನ್ನು ಹಿಂಡಿ ಝಾಡಿಸಿದಳು. "ಹೆತ್ತೋರಿಗೆ ಹೆಗ್ಗಣ ಮುದ್ದು," ಎಂದಳು ಮೆಲ್ಲಗೆ. ಅಕ್ಕ ಆ ದಿನವೆಲ್ಲ ಅವಳ ಜೊತೆ ಮಾತಾಡಲಿಲ್ಲ. ಅವಳಿಗೆ ಸಿಟ್ಟು ಬಂದದ್ದು ಆ ಮಾತು ಸುಳ್ಳಾಗಿರಲಿಲ್ಲ ಎಂಬುದಕ್ಕೆ.

ಅದಾಗಿ ಎರಡು ವಾರಕ್ಕೆ ಅವಳ ಬೀಗರು, ಅಂದರೆ ಮಗಳ ಮಾವ, ಅಂಗಡಿಯಲ್ಲಿ ಬಟ್ಟೆ ಕತ್ತರಿಸುತ್ತಿದ್ದಾಗಲೇ ಕುಸಿದರು. ಎಡಗೈ ಎಡಗಾಲು ಸೋತವು, ಬಾಯಿ ಒಂದು ಕಡೆ ಜಗ್ಗಿತು. ಆಸ್ಪತ್ರೆಯಲ್ಲಿ ಒಂಬತ್ತು ದಿನ ಕಳೆದ ಮೇಲೆ ಬೇರೆಡೆಗೆ ಕರೆದೊಯ್ಯಿರಿ ಎಂದರು.

"ಎಲ್ಲಿಗೆ ಸೇರಿಸೋಣಮ್ಮ?" ಎಂದು ಮಗಳು ಕೇಳಿದಳು.

ತಂಗಿ ಅಲ್ಲೇ ನಿಂತಿದ್ದಳು. ಅಕ್ಕನ ಮುಖ ನೋಡಿದಳು.

"ನಮ್ಮಲ್ಲಿಗೇ ಕರ್ಕೊಂಡು ಬನ್ನಿ," ಎಂದಳು ದೊಡ್ಡಕ್ಕ. "ನಾನಿದ್ದೀನಲ್ಲ."

ಮೇಲಿನ ಮಹಡಿಯ ಕಿಟಕಿಯ ಪಕ್ಕದ ಹಾಸಿಗೆ ಬೀಗರಿಗೆ ಸಿಕ್ಕಿತು. ಅದರ ಪಕ್ಕದ ಹಾಸಿಗೆಯಲ್ಲಿ ನಿವೃತ್ತನಾದ ಒಬ್ಬ ಅಂಚೆಯವನಿದ್ದ. ಅವನಿಗೂ ಅದೇ ಕಾಯಿಲೆ. ಬಲಗೈ ಹೋಗಿತ್ತು, ಮಾತು ಪೂರಾ ಹೋಗಿ ಒಂದೇ ಒಂದು ಪದ ಉಳಿದಿತ್ತು: ಹೌದು. ಬೇಕು ಎನ್ನಲೂ ಹೌದು, ಬೇಡ ಎನ್ನಲೂ ಹೌದು. ದನಿಯ ಏರಿಳಿತದಲ್ಲಿ ಅರ್ಥ ಹಿಡಿಯಬೇಕಾಗಿತ್ತು.

ದರ್ಜಿಗೆ ನಾಲಿಗೆ ತೊದಲುತ್ತಿದ್ದರೂ ಮಾತು ಕಡಿಮೆಯಾಗಿರಲಿಲ್ಲ. "ನನ್ನ ಪುಣ್ಯ ನೋಡಿ. ಮೂವತ್ತು ವರ್ಷ ಗಿರಾಕಿಗಳ ಹತ್ರ ಜಗಳಾಡಿದೆ. ಈಗ ಏನಂದ್ರೂ ಹೌದು ಅನ್ನೋ ಮನುಷ್ಯ ಸಿಕ್ಕಿದ್ದಾನೆ," ಎನ್ನುತ್ತಿದ್ದರು. ಅಂಚೆಯವನು "ಹೌದು" ಎಂದು ಸೋತ ಮುಖದಲ್ಲೇ ನಗುತ್ತಿದ್ದ. ಮ್ಯಾನೇಜರ್ ಬಂದು ಹೋದರೆ ದರ್ಜಿ ಪಿಸುಗುಡುವರು: "ಕೋಟಿನ ತೋಳು ಅರ್ಧ ಇಂಚು ಉದ್ದ. ನೋಡಿದ್ರಾ?" ಅದಕ್ಕೂ ಹೌದು.

ಬೀಗರಿಗೆ ಊಟ ಮಾಡಿಸುವುದನ್ನು ದೊಡ್ಡಕ್ಕ ಬೇರೆಯವರಿಗೆ ಬಿಡಲಿಲ್ಲ. ಹನ್ನೆರಡಕ್ಕೇ ಬೇಯಿಸಿ ಅರೆದ ಊಟವನ್ನು ತರಿಸಿಕೊಂಡು ಕೂರುತ್ತಿದ್ದಳು. ಮುಖ್ಯ ನರ್ಸ್ ಆದ್ದರಿಂದ ಕೇಳುವವರಿರಲಿಲ್ಲ.

"ಬೀಗರ ಮುಂದೆ ಬಾಯಿಗೆ ಬೀಗ ಹಾಕ್ಕೊಂಡಿರಬೇಕು ಅಂತಾರೆ," ಎನ್ನುತ್ತಿದ್ದರು ದರ್ಜಿ. "ನೀವು ನೋಡಿದ್ರೆ ಬಾಯಿ ತೆಗೀರಿ ಅಂತೀರಿ."

"ತೆಗೆದ ಬಾಯಿ ಮುಚ್ಚಿ. ನುಂಗೋವಾಗ ಮಾತು ಬೇಡ."

ಒಮ್ಮೊಮ್ಮೆ ಅವರಿಗೆ ನೆತ್ತಿಗೇರಿ ಕೆಮ್ಮು ಬರುತ್ತಿತ್ತು. ಆಗ ಅವಳು ಹೆದರುತ್ತಿರಲಿಲ್ಲ. ಕೆಮ್ಮುವವನು ತನ್ನ ಶ್ವಾಸವನ್ನು ತಾನೇ ಕಾಯ್ದುಕೊಳ್ಳುತ್ತಾನೆ. ಹೆದರಬೇಕಾದದ್ದು ಕೆಮ್ಮದವನ ವಿಷಯದಲ್ಲಿ. ಅಂಚೆಯವನು ಕೆಮ್ಮುತ್ತಿರಲಿಲ್ಲ.

ಆ ಮಹಡಿಯಲ್ಲಿ ನುಂಗಲು ತೊಂದರೆಯಿದ್ದವರು ಹನ್ನೊಂದು ಜನ, ತಿನ್ನಿಸುವವಳು ಒಬ್ಬಳು. ಅವಳು ಕೆಟ್ಟವಳಲ್ಲ, ಬಿರುಸಿನವಳೂ ಅಲ್ಲ. ಮೂರು ಬಟ್ಟಲುಗಳನ್ನು ಒಟ್ಟಿಗೆ ತಂದು, ಇವನಿಗೊಂದು ಚಮಚ ಅವನಿಗೊಂದು ಚಮಚ ಎನ್ನುವಂತೆ ಕೊಟ್ಟು, ಗೋಡೆಯ ಗಡಿಯಾರ ನೋಡುತ್ತಿದ್ದಳು. ಅಂಚೆಯವನ ಬಟ್ಟಲು ಎಂಟು ನಿಮಿಷದಲ್ಲಿ ಖಾಲಿ. ಬಾಯಿ ಒರೆಸಿ ದಿಂಬಿಗೆ ಒರಗಿಸಿ ಮುಂದಕ್ಕೆ. ಊಟವಾದ ಮೇಲೆ ಅರ್ಧ ಗಂಟೆ ನೆಟ್ಟಗೆ ಕೂರಿಸಿರಬೇಕು ಎಂಬುದು ಅವಳಿಗೂ ಗೊತ್ತಿತ್ತು. ಹಿಡಿದು ಕೂರಿಸುವವರು ಬೇಕಲ್ಲ. ದೊಡ್ಡಕ್ಕ ಇದನ್ನೆಲ್ಲ ಓರೆಗಣ್ಣಿನಲ್ಲಿ ಕಾಣುತ್ತಿದ್ದಳು. ಕಂಡರೂ ಕೈಯಲ್ಲಿ ಬೀಗರ ಚಮಚವಿತ್ತು.

ಹನ್ನೊಂದನೆಯ ದಿನ ದರ್ಜಿ ಏನೋ ಹೇಳಿದ್ದಕ್ಕೆ ಅಂಚೆಯವನು "ಹೌದು" ಎಂದ. ಆ ದನಿ ನೀರಿನೊಳಗಿಂದ ಬಂದಂತಿತ್ತು. ದೊಡ್ಡಕ್ಕನ ಕೈ ಅರ್ಧದಲ್ಲೇ ನಿಂತಿತು. ಎದ್ದು ಹೋಗಿ ಅವನನ್ನು ಮುಂದಕ್ಕೆ ಬಾಗಿಸಿ ಕೂರಿಸಬೇಕು, ಇವತ್ತಿನ ಊಟ ನಿಲ್ಲಿಸಬೇಕು, ಎದೆ ಪರೀಕ್ಷೆ ಮಾಡಿಸಬೇಕು. ಇಪ್ಪತ್ತೆರಡು ವರ್ಷದಲ್ಲಿ ಆ ದನಿ ಕೇಳಿ ಅವಳು ಎದ್ದು ಹೋಗದ ದಿನವಿರಲಿಲ್ಲ. ಆದರೆ ಬಟ್ಟಲಿನಲ್ಲಿ ಇನ್ನೂ ಅರ್ಧ ಉಳಿದಿತ್ತು, ಬೀಗರು ಬಾಯಿ ತೆರೆದು ಕಾಯುತ್ತಿದ್ದರು, ಬೆಳಗಿನ ಪಾಳಿಗೆ ಒಬ್ಬ ನರ್ಸ್ ಬಂದಿರಲಿಲ್ಲ. ನಾಳೆ ನೋಡೋಣ ಎಂದುಕೊಂಡಳು.

ಮರುದಿನ ಬೆಳಿಗ್ಗೆ ಅವಳು ಬರುವಷ್ಟರಲ್ಲಿ ಅಂಚೆಯವನಿಗೆ ಜ್ವರ ನೂರಮೂರು ದಾಟಿತ್ತು, ಉಸಿರು ಮೇಲೆಕೆಳಗೆ ಆಗುತ್ತಿತ್ತು. ಆಂಬುಲೆನ್ಸ್ ಅವನನ್ನು ಬಂದ ದಾರಿಯಲ್ಲೇ ಆಸ್ಪತ್ರೆಗೆ ವಾಪಸ್ ಒಯ್ದಿತು. ಹೋಗಿ ಸೇರಿದ್ದು ತಂಗಿಯ ವಾರ್ಡಿಗೆ. ಐದನೆಯ ದಿನ ಸಂಜೆ ತಂಗಿ ಮನೆಗೆ ಬಂದು ಚಪ್ಪಲಿ ಬಿಟ್ಟು, ಕೈಕಾಲು ತೊಳೆದು, ಅಕ್ಕನ ಎದುರು ಕೂತು, "ಅಂಚೆಯವರು ಹೋದ್ರು," ಎಂದಳು. ಅಷ್ಟೇ. ಹತ್ತರಲ್ಲಿ ಮೂರು ಎನ್ನಲಿಲ್ಲ, ಬಲಗಡೆ ಶ್ವಾಸಕೋಶ ಎನ್ನಲಿಲ್ಲ. ಅಂದಿದ್ದರೆ ಅಕ್ಕನಿಗೆ ಅಷ್ಟು ನೋಯುತ್ತಿರಲಿಲ್ಲವೇನೋ.

ಇಪ್ಪತ್ತಾರನೆಯ ದಿನ ದರ್ಜಿ ಕೋಲು ಹಿಡಿದು ತಾವೇ ಮೆಟ್ಟಿಲಿಳಿದು ಮನೆಗೆ ಹೋದರು. ಮಗಳ ಮನೆಯಲ್ಲಿ ದೊಡ್ಡಕ್ಕನನ್ನು ಹೊಗಳಿದ್ದೇ ಹೊಗಳಿದ್ದು. ಬೀಗಿತ್ತಿ ಅಂದರೆ ಹೀಗಿರಬೇಕು ಎಂದರು. ಆ ಮಾತು ಕೇಳುತ್ತ ಅವಳಿಗೆ ತಲೆಯೆತ್ತಲಾಗಲಿಲ್ಲ. ನಾಚಿಕೆ ಸ್ವಭಾವ ಎಂದುಕೊಂಡರು.

ತಿಂಗಳ ಕೊನೆಗೆ ಕಂಪನಿಯ ಮೇಲಿನವರಿಗೆ ಕಳಿಸುವ ವರದಿಗೆ ಅವಳ ಸಹಿ ಬೇಕಿತ್ತು. ಯಾವತ್ತೂ ಓದದೆ ಸಹಿ ಹಾಕುತ್ತಿದ್ದವಳು ಅವತ್ತು ಓದಿದಳು. ದರ್ಜಿಯ ಸಾಲಿನಲ್ಲಿ 'ಬಿಡುಗಡೆ' ಎಂದಿತ್ತು. ಅಂಚೆಯವನ ಸಾಲಿನಲ್ಲೂ 'ಬಿಡುಗಡೆ' ಎಂದೇ ಇತ್ತು.

"ಇವರು ಮನೆಗೆ ಹೋಗಲಿಲ್ಲ," ಎಂದಳು ಮ್ಯಾನೇಜರಿಗೆ. "ಆಸ್ಪತ್ರೆಗೆ ವಾಪಸ್ ಹೋದ್ರು. ಅಲ್ಲೇ ತೀರಿಕೊಂಡ್ರು."

"ಗೊತ್ತು ದೊಡ್ಡಕ್ಕ. ಪಾಪ. ಆದ್ರೆ ಇದರಲ್ಲಿ ಒಂದೇ ಕಾಲಂ ಇರೋದು. ಇಲ್ಲಿಂದ ಹೊರಗೆ ಹೋದ್ರೆ ಬಿಡುಗಡೆ. ಎಲ್ಲಿಗೆ ಹೋದ್ರು ಅಂತ ಕೇಳಲ್ಲ."

"ಕೇಳೋದೇ ಇಲ್ವಾ?"

"ಮೇಲಿನವರು ನೋಡೋದು ಹಾಸಿಗೆ ತುಂಬಿದೆಯಾ, ಖಾಲಿ ಇದೆಯಾ ಅಂತ ಮಾತ್ರ."

ಅವನು ಮುಖ ತಗ್ಗಿಸಿ ಹೇಳಿದ. ಅವಳು ಪೆನ್ನನ್ನು ಮೇಜಿನ ಮೇಲಿಟ್ಟು ಎದ್ದುಬಂದಳು.

ಅದೇ ವಾರ ಅಂಚೆಯವನ ಹೆಂಡತಿ ಬಂದಳು. ಗಂಡನ ಕನ್ನಡಕ, ಒಂದು ಜೊತೆ ಚಪ್ಪಲಿ ಇಲ್ಲೇ ಉಳಿದಿದ್ದವು. ತೆಳ್ಳಗಿನ ಹೆಂಗಸು, ಮೊಣಕೈಗೆ ಬಟ್ಟೆಯ ಚೀಲ ತಗುಲಿಸಿಕೊಂಡಿದ್ದಳು. ಸಾಮಾನು ತೆಗೆದುಕೊಂಡು, "ತುಂಬ ಉಪಕಾರ ಆಯ್ತಮ್ಮ. ನಿಮ್ಮ ಕೈಲಾದ್ದು ಮಾಡಿದ್ರಿ," ಎಂದು ಕೈಮುಗಿದಳು.

ದೊಡ್ಡಕ್ಕ ಅವಳನ್ನು ತನ್ನ ಕೋಣೆಗೆ ಕರೆದು ಕೂರಿಸಿ, ಬಾಗಿಲು ಮುಂದೆ ಮಾಡಿದಳು.

"ಕೈಲಾದ್ದು ಮಾಡಲಿಲ್ಲ ತಾಯಿ. ನಿಮ್ಮವರ ಒಂದು ಊಟಕ್ಕೆ ಮುಕ್ಕಾಲು ಗಂಟೆ ಬೇಕಿತ್ತು. ನಾವು ಎಂಟು ನಿಮಿಷದಲ್ಲಿ ಮುಗಿಸಿದ್ವಿ. ಅದು ಹೊಟ್ಟೆಗೆ ಹೋಗಲಿಲ್ಲ, ಎದೆಗೆ ಹೋಯ್ತು. ಪಕ್ಕದಲ್ಲಿದ್ದವರು ನನ್ನ ಬೀಗರು. ಅವರಿಗೆ ನಾನೇ ಕೂತು ತಿನ್ನಿಸಿದೆ. ನಿಮ್ಮವರ ದನಿ ಕೆಟ್ಟಿದ್ದು ನನಗೆ ಕೇಳಿಸಿತ್ತು. ಎದ್ದು ಹೋಗಲಿಲ್ಲ. ನಾಳೆ ನೋಡೋಣ ಅಂದ್ಕೊಂಡೆ."

ಹೆಂಗಸು ಕನ್ನಡಕದ ಗಾಜನ್ನು ಸೆರಗಿನ ತುದಿಯಿಂದ ಒರೆಸಿದಳು. ಒರೆಸಿದ್ದನ್ನೇ ಮತ್ತೆ ಒರೆಸಿದಳು.

"ನನಗೆ ಗೊತ್ತು," ಎಂದಳು.

ದೊಡ್ಡಕ್ಕ ತಲೆಯೆತ್ತಿ ಅವಳನ್ನು ನೋಡಿದಳು.

"ಒಂದು ಗಂಟೆಗೆ ಒಳಗೆ ಬಿಡ್ತಿದ್ರಲ್ಲ, ನಾನು ಹನ್ನೆರಡೂವರೆಗೇ ಬಂದು ಗಾಜಿನ ಆಚೆ ನಿಂತಿರ್ತಿದ್ದೆ. ಅವರನ್ನ ಕೆಳಗೆ ಇಳಿಸಿ ಮೆಟ್ಟಿಲ ಹತ್ರದ ಊಟದ ಕೋಣೇಲಿ ಕೂರಿಸ್ತಿದ್ದ ದಿನ ಎಲ್ಲ ಕಾಣ್ತಿತ್ತು. ನೀವು ಆ ಯಜಮಾನರಿಗೆ ತಿನ್ನಿಸೋದೂ ಕಾಣ್ತಿತ್ತು. ಒಂದು ಮಾತು ಕೇಳೋಣ ಅನ್ನಿಸೋದು. ಕೇಳಿದ್ರೆ ಬೇಜಾರು ಮಾಡ್ಕೊಂಡು ಇನ್ನೂ ಕಡಿಮೆ ನೋಡ್ಕೊಂಡ್ರೆ ಅಂತ ಹೆದರಿಕೆ. ಅದಕ್ಕೇ ದಿನಾ ಕೈಮುಗಿದು ನಕ್ಕು ಹೋಗ್ತಿದ್ದೆ." ಚೀಲವನ್ನು ಮಡಿಲಿಗೆ ಎಳೆದುಕೊಂಡು ಹೇಳಿದಳು: "ಒಳಗೆ ಬಿಟ್ಟಿದ್ರೆ ನಾನೇ ತಿನ್ನಿಸ್ತಿದ್ದೆ. ನನಗೆ ಬೇರೆ ಏನು ಕೆಲಸವಿತ್ತು?"

ಅವಳು ಅಳಲಿಲ್ಲ, ಶಾಪ ಹಾಕಲಿಲ್ಲ. ಕನ್ನಡಕವನ್ನು ಚೀಲದಲ್ಲಿಟ್ಟುಕೊಂಡು, ಚಪ್ಪಲಿಗಳನ್ನು ಹಾಳೆಯಲ್ಲಿ ಸುತ್ತಿ ಹೋದಳು. ಈ ಸಲ ಕೈಮುಗಿಯಲಿಲ್ಲ.

ಮರುದಿನ ದೊಡ್ಡಕ್ಕ ರಜೆ ಹಾಕಿ ತಂಗಿಯ ಜೊತೆ ಆಸ್ಪತ್ರೆಗೆ ಹೋದಳು. ಯಾವ ರೋಗಿಯನ್ನು ಎಲ್ಲಿಗೆ ಕಳಿಸಬೇಕೆಂದು ಬರೆಯುವ ಡಾಕ್ಟರಮ್ಮ ಕೈಯಲ್ಲಿ ಚಹಾದ ಲೋಟ ಹಿಡಿದು ನಿಂತುಕೊಂಡೇ ಕೇಳಿಸಿಕೊಂಡಳು.

"ನುಂಗೋಕೆ ಬಾರದವರನ್ನ ಸದ್ಯಕ್ಕೆ ನಮ್ಮಲ್ಲಿಗೆ ಕಳಿಸಬೇಡಿ," ಎಂದಳು ದೊಡ್ಡಕ್ಕ. "ಸೊಂಟದವರು, ಕಾಲಿನವರು ಬರಲಿ. ತಿನ್ನಿಸೋ ಕೈ ಇಲ್ಲ ನಮ್ಮಲ್ಲಿ."

"ನೀವು ಅಲ್ಲೇ ಕೆಲಸ ಮಾಡೋರು. ಯೋಚನೆ ಮಾಡಿ ಹೇಳ್ತಿದ್ದೀರಾ?"

"ಮಾಡಬೇಕಾದಾಗ ಮಾಡಲಿಲ್ಲ. ಈಗ ಮಾಡಿದ್ದೀನಿ."

"ಕಳಿಸದೆ ಎಲ್ಲಿ ಇಟ್ಕೊಳ್ಳಲಿ? ಇನ್ನೊಂದು ಮನೆ ಇದೆ, ಧರ್ಮಸಂಸ್ಥೆಯವರದು. ಅಲ್ಲಿ ಮೂರು ವಾರ ಕಾಯಬೇಕು."

"ಕಾಯಲಿ. ಕಾದವರು ಬದುಕಿರ್ತಾರೆ."

ಡಾಕ್ಟರಮ್ಮ ತಂಗಿಯ ಕಡೆ ನೋಡಿದಳು. ತಂಗಿ ಆರು ತಿಂಗಳಲ್ಲಿ ವಾಪಸ್ ಬಂದವರ ಪಟ್ಟಿಯನ್ನು ಅವಳ ಕೈಗಿಟ್ಟಳು. ಚಹಾ ಆರಿಹೋಗುವವರೆಗೆ ಅದನ್ನು ಓದಿದಳು.

ನುಂಗಲು ಬಾರದವರನ್ನು ಅಲ್ಲಿಗೆ ಕಳಿಸುವುದು ಅಂದಿನಿಂದ ನಿಂತಿತು. ಆ ನಿರ್ಧಾರ ಎಲ್ಲರಿಗೂ ಒಳ್ಳೆಯದಾಗಲಿಲ್ಲ. ಆಸ್ಪತ್ರೆಯ ವಾರ್ಡಿನಲ್ಲಿ ಜಾಗ ಸಾಲದೆ ನಾಲ್ಕೈದು ಜನ ದಿನಗಟ್ಟಲೆ ವರಾಂಡದಲ್ಲೇ ಮಲಗಬೇಕಾಯಿತು. ತಂಗಿ ಕಾಲು ಊದಿಸಿಕೊಂಡು ಮನೆಗೆ ಬರುತ್ತಿದ್ದಳು, ಆದರೂ ಅಕ್ಕನ ಮೇಲೆ ತಪ್ಪು ಹೊರಿಸಲಿಲ್ಲ. ಇತ್ತ ಚೇತರಿಕೆ ಮನೆಯಲ್ಲಿ ಎರಡೇ ತಿಂಗಳಲ್ಲಿ ಹದಿಮೂರು ಹಾಸಿಗೆ ಖಾಲಿಯಾದವು. ಮೇಲಿನವರಲ್ಲಿ ಒಬ್ಬರು ಖುದ್ದು ಬಂದರು. ಎಲ್ಲರನ್ನೂ ವ್ಯಾಯಾಮದ ಕೋಣೆಯಲ್ಲಿ ಸೇರಿಸಿ, ಆಸ್ಪತ್ರೆಯವರ ಕಿವಿಗೆ ಯಾರೋ ಏನೋ ಊದಿದ್ದಾರೆ ಎಂದರು.

"ಊದಿದ್ದಲ್ಲ, ಹೇಳಿದ್ದು," ಎಂದಳು ದೊಡ್ಡಕ್ಕ. "ನಾನೇ."

ವಾರದೊಳಗೆ ಪತ್ರ ಬಂತು. ಅವಳನ್ನು ಮುಖ್ಯ ನರ್ಸ್ ಜಾಗದಿಂದ ತೆಗೆದು ಮೇಲಿನ ಮಹಡಿಯ ಸಾಮಾನ್ಯ ನರ್ಸ್ ಮಾಡಿದ್ದರು. ಅವಳ ಕುರ್ಚಿಗೆ ಕಂಪನಿಯ ಬೇರೆ ಮನೆಯಿಂದ ಒಬ್ಬಾಕೆ ಬಂದಳು.

"ಬಿಟ್ಟು ಬಾ," ಎಂದಳು ತಂಗಿ. "ನಮ್ಮಲ್ಲೇ ಕೆಲಸ ಕೊಡಿಸ್ತೀನಿ."

"ಬಿಟ್ರೆ ಆ ಮಹಡೀಲಿ ಒಂದು ಕೈ ಇನ್ನೂ ಕಡಿಮೆ ಆಗುತ್ತೆ," ಎಂದಳು ಅಕ್ಕ, ಪತ್ರವನ್ನು ಮಡಿಚುತ್ತ.

ಮೂರನೆಯ ತಿಂಗಳು ಕಂಪನಿ ಸೋತಿತು. ಅವಳ ಮಾತಿಗಲ್ಲ, ಖಾಲಿ ಹಾಸಿಗೆಗೆ. ತೆಗೆದ ಐವರಲ್ಲಿ ಮೂವರಿಗೆ ಮತ್ತೆ ಹೇಳಿಕಳಿಸಿದರು. ಅವರಲ್ಲಿ ಒಬ್ಬಳು ಅಷ್ಟರಲ್ಲಿ ಬೇರೆ ಕಡೆ ಸೇರಿಕೊಂಡಿದ್ದಳು, ಬರಲಿಲ್ಲ. ಊಟದ ಹೊತ್ತನ್ನು ಅರ್ಧ ಗಂಟೆಯಿಂದ ಒಂದು ಗಂಟೆಗೆ ಹಿಗ್ಗಿಸಿದರು. ತಿನ್ನಿಸುವುದನ್ನು ಕಲಿತ ಮನೆಯವರು ಆ ಹೊತ್ತಿನಲ್ಲಿ ಒಳಗೆ ಬರಬಹುದು ಎಂದರು. ಮ್ಯಾನೇಜರ್ ತನ್ನ ವರದಿಯ ಹಾಳೆಯ ಅಂಚಿನಲ್ಲಿ, ಯಾರೂ ಕೇಳದಿದ್ದರೂ, ವಾಪಸ್ ಹೋದವರ ಹೆಸರು ಬರೆಯತೊಡಗಿದ. ಮೇಲಿನವರು ಅದನ್ನು ಓದುತ್ತಾರೋ ಇಲ್ಲವೋ ಅವನಿಗೂ ತಿಳಿಯದು.

ವಿಷಯ ದರ್ಜಿಯ ಕಿವಿಗೂ ಬಿತ್ತು. ಒಂದು ಮಧ್ಯಾಹ್ನ ಕೋಲೂರಿಕೊಂಡು ದೊಡ್ಡಕ್ಕನ ಮನೆಗೆ ಬಂದು ಜಗಲಿಯಲ್ಲೇ ಕೂತರು. ಅವತ್ತು ತಮಾಷೆಯ ಮಾತು ಬರಲಿಲ್ಲ.

"ಬೀಗಿತ್ತಿಯವರೇ, ನಿಜ ಹೇಳಿ. ಅವನ ಪಾಲಿನ ಹೊತ್ತನ್ನ ನಾನು ತಿಂದೆನಾ?"

"ನೀವು ತಿಂದಿದ್ದು ನಿಮ್ಮ ಪಾಲಿಂದೇ," ಎಂದಳು ದೊಡ್ಡಕ್ಕ. "ಅವರ ಪಾಲಿನದು ಅವರಿಗೆ ಸಿಗಲಿಲ್ಲ. ಅದಕ್ಕೆ ನೀವು ಹೊಣೆಯಲ್ಲ."

"ಹಾಗಾದ್ರೆ ಯಾರು?"

"ಕೈ ಕಡಿಮೆ ಮಾಡಿದವರು. ಆಮೇಲೆ, ಕೇಳಿಸಿದ್ರೂ ಏಳದವಳು."

ದರ್ಜಿ ಕೋಲನ್ನು ಗೋಡೆಗೆ ಒರಗಿಸಿದರು. ಆಮೇಲೆ ಅಂಚೆಯವನ ಮನೆ ಎಲ್ಲಿ ಎಂದು ಕೇಳಿದರು. ಅವಳಿಗೂ ಸರಿಯಾಗಿ ಗೊತ್ತಿರಲಿಲ್ಲ. ಇಬ್ಬರೂ ವಿಚಾರಿಸಿಕೊಂಡು ಹೋಗೋಣ ಎಂದು ಮಾತಾಯಿತು. ಮುಂದಿನ ಭಾನುವಾರ ಹೋದರು. ಹೆಂಗಸು ಬಾಗಿಲು ತೆರೆದು, ಒಂದು ಗಳಿಗೆ ಇಬ್ಬರನ್ನೂ ನೋಡಿ, ಒಳಗೆ ಬನ್ನಿ ಎಂದಳು. ಕೂರಲು ಚಾಪೆ ಹಾಸಿದಳು. ದರ್ಜಿ ಅವಳ ಗಂಡ ತನ್ನೊಂದಿಗೆ ಕಳೆದ ಹನ್ನೊಂದು ದಿನಗಳನ್ನು ಒಂದೊಂದಾಗಿ ಹೇಳಿದರು. ಯಾವುದಕ್ಕೆ ನಕ್ಕ, ಯಾವಾಗ ಮುನಿಸಿಕೊಂಡ, ಟಿವಿಯಲ್ಲಿ ಏನು ಬಂದರೆ ಮುಖ ತಿರುಗಿಸುತ್ತಿದ್ದ. ಅವಳು ಗಲ್ಲಕ್ಕೆ ಕೈಹಚ್ಚಿ ಕೇಳಿದಳು. ದೊಡ್ಡಕ್ಕನ ಜೊತೆ ಹೆಚ್ಚು ಮಾತಾಡಲಿಲ್ಲ. ಹೊರಡುವಾಗ ಮಾತ್ರ, "ಈಗ ಹೆಂಡ್ತಿಯರನ್ನ ಒಳಗೆ ಬಿಡ್ತಾರಾ?" ಎಂದು ಕೇಳಿದಳು.

"ಬಿಡ್ತಾರೆ," ಎಂದಳು ದೊಡ್ಡಕ್ಕ.

ನುಂಗಲು ಬಾರದವರಲ್ಲಿ ಆಸ್ಪತ್ರೆ ಮತ್ತೆ ಕಳಿಸಿದ ಮೊದಲನೆಯವನು ಒಬ್ಬ ಲಾರಿ ಡ್ರೈವರ್. ನೀರು ಕೂಡ ಗಂಟಲಿಗಿಳಿಯದವನು. ಅವನ ಅಣ್ಣನಿಗೆ ಚಮಚ ಹಿಡಿಯುವುದನ್ನು ಕಲಿಸಲು ದೊಡ್ಡಕ್ಕನಿಗೆ ನಾಲ್ಕು ದಿನ ಬೇಕಾಯಿತು. ಆತ ಅವಸರದ ಮನುಷ್ಯ, ಮೂರನೆಯ ದಿನ ಬೈಸಿಕೊಂಡ ಮೇಲೆಯೇ ಕಾಯುವುದನ್ನು ಕಲಿತ. ಐದು ವಾರಕ್ಕೆ ಡ್ರೈವರ್ ಮನೆಗೆ ಹೋದ. ಆ ಮೇಲೆ ಪ್ರತಿ ಸಂಜೆ ತಂಗಿ ಬಂದು ಚಪ್ಪಲಿ ಬಿಡುವಾಗ ಅಕ್ಕ ಕೈಯಲ್ಲಿದ್ದ ಕೆಲಸ ನಿಲ್ಲಿಸಿ ಅವಳ ಮುಖ ನೋಡುತ್ತಿದ್ದಳು. ಬಾಯಿಬಿಟ್ಟು ಕೇಳುತ್ತಿರಲಿಲ್ಲ.

ತಿಂಗಳು ತುಂಬಿದ ದಿನ ತಂಗಿಯೇ ಹೇಳಿದಳು: "ಅವನು ವಾಪಸ್ ಬಂದಿಲ್ಲ ಕಣಕ್ಕ."

ದೊಡ್ಡಕ್ಕ ತಲೆಯಾಡಿಸಿ, ಒಳಗೆ ಹೋಗಿ ಇಬ್ಬರಿಗೂ ತಟ್ಟೆ ಇಟ್ಟಳು.